ಜರ್ಮನ್ ಓದು ಮೊದಲೋ, ರಂಗಶಿಕ್ಷಣ ಮೊದಲೋ? ಬಲ್ಲವರ ಸಲಹೆ ಬೇಕು

ಹಿನ್ನೀರ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವಳು. ಶಿವಮೊಗ್ಗದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ, ಕನ್ನಡ ಮತ್ತು ಇತಿಹಾಸ ನನ್ನ ಮುಖ್ಯ ವಿಷಯಗಳು. ಹೈಸ್ಕೂಲಿನಿಂದಲೂ ಊರಿನ ಹವ್ಯಾಸಿ ತಂಡದಲ್ಲಿ ನಾಟಕವಾಡುತ್ತ ಬಂದಿದ್ದೇನೆ. ಎರಡು ವರ್ಷಗಳಿಂದ ಆನ್‌ಲೈನ್ ತರಗತಿಯಲ್ಲಿ ಜರ್ಮನ್ ಕಲಿತು, ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿ ಎ2 ಹಂತದ (ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ ಎರಡನೆಯದು) ಪರೀಕ್ಷೆಯಲ್ಲಿ ಉತ್ತೀರ್ಣಳಾದೆ.

ನನ್ನ ಪ್ರಶ್ನೆ ಹುಟ್ಟಿದ್ದು ಒಂದು ತಾಲೀಮಿನಲ್ಲಿ. ಕಳೆದ ವರ್ಷ ನಮ್ಮ ತಂಡ ಜರ್ಮನ್ ನಾಟಕವೊಂದರ ಕನ್ನಡ ಅನುವಾದವನ್ನು ಕೈಗೆತ್ತಿಕೊಂಡಿತ್ತು. ಅನುವಾದ ಇಂಗ್ಲಿಷಿನ ಮೂಲಕ ಬಂದದ್ದು; ಅನುವಾದಕರು ಹಿರಿಯರು, ಅವರ ಕನ್ನಡದ ಬಗ್ಗೆ ನನ್ನದು ಎರಡು ಮಾತಿಲ್ಲ. ಅದರಲ್ಲಿ ಮನೆಗೆಲಸದ ಹೆಂಗಸೊಬ್ಬಳು ಯಜಮಾನನ ಎದುರು ನಿಂತು ಮಾತನಾಡುವ ದೃಶ್ಯವಿದೆ. ಆ ಪಾತ್ರ ನನ್ನದಾಗಿತ್ತು. ಮೊದಲಿನಿಂದ ಕೊನೆಯವರೆಗೆ ಅವಳ ಬಾಯಲ್ಲಿ ‘ನೀವು’ ಎಂದೇ ಇತ್ತು, ಮತ್ತು ಎಷ್ಟು ಸಲ ಆಡಿದರೂ ದೃಶ್ಯ ನಡುವೆ ಎಲ್ಲಿಯೋ ಸಡಿಲವಾಗುತ್ತಿತ್ತು. ಜರ್ಮನ್ ಮೂಲದ ಆ ಪುಟವನ್ನು ತರಿಸಿಕೊಂಡು ನಿಘಂಟು ಹಿಡಿದು ಓದಿದಾಗ ತಿಳಿಯಿತು: ಅವಳು ಆರು ಮಾತುಗಳವರೆಗೆ ಯಜಮಾನನನ್ನು ‘ಜೀ’ (ನೀವು) ಎಂದು ಕರೆದು, ಏಳನೆಯ ಮಾತಿಗೆ ‘ಡು’ಗೆ (ನೀನು) ಇಳಿಯುತ್ತಾಳೆ. (ಬಹುವಚನದ ಆ ‘ಜೀ’ ನಮ್ಮ ಕಿವಿಗೆ ಹಿಂದಿಯ ‘ಜೀ’ಗೆ ಹತ್ತಿರವಾಗಿ ಕೇಳುತ್ತದೆ, ಸಲ್ಲಿಸುವ ಮರ್ಯಾದೆಯೂ ಅದೇ, ಸಂಬಂಧವೇನೂ ಇಲ್ಲ.) ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಯೂ’ ಆದ್ದರಿಂದ ಆ ಇಳಿತ ಅಲ್ಲಿಯೇ ಅಳಿಸಿಹೋಗಿದೆ. ನಮ್ಮ ಭಾಷೆಯಲ್ಲಿ ‘ನೀವು’, ‘ನೀನು’ ಎರಡೂ ಇದ್ದರೂ, ಎಲ್ಲಿ ಬದಲಾಯಿಸಬೇಕೆಂಬ ಸುಳಿವು ಅನುವಾದಕರಿಗೆ ಸಿಕ್ಕಿಲ್ಲ.

ಅಂದಿನಿಂದ ನನಗೆ ಜರ್ಮನ್ ನಾಟಕಗಳನ್ನು ನೇರವಾಗಿ ಕನ್ನಡಕ್ಕೆ ತರಬೇಕು, ರಂಗದ ಮೇಲೆ ನಿಲ್ಲುವಂತೆ ತರಬೇಕು ಎಂಬ ಹಂಬಲ ಹಿಡಿದಿದೆ. ಪದವಿಯ ನಂತರ ಜರ್ಮನ್ ಎಂ.ಎ. ಮಾಡಲೇ, ರಂಗಶಿಕ್ಷಣಕ್ಕೆ ಸೇರಲೇ, ಅಥವಾ ಸಾಲ ಮಾಡಿಯಾದರೂ ಜರ್ಮನಿಗೇ ಹೋಗುವುದು ಸರಿಯೇ? ತಂದೆಗೆ ಎರಡು ಎಕರೆ ಅಡಿಕೆ ತೋಟವಿದೆ. ಅವರು ಬೇಡವೆಂದಿಲ್ಲ, ಆದರೆ ‘ಓದಿ ಏನಾಗುತ್ತೀಯೆ?’ ಎಂಬ ಪ್ರಶ್ನೆಗೆ ನನ್ನಲ್ಲಿ ನೆಟ್ಟಗಿನ ಉತ್ತರವಿಲ್ಲ.

ಸೈಡ್‌ವಿಂಗ್:

ತಂಗೀ, ಸಾಗರದವಳಾಗಿ ಈ ಪ್ರಶ್ನೆಯನ್ನು ಕೇಳುತ್ತಿರುವುದು ನನಗೆ ಸ್ವಲ್ಪ ನಗು ತರಿಸಿತು. ಹೆಗ್ಗೋಡು ನಿಮ್ಮ ಮನೆಯ ಹಿತ್ತಿಲಿನಲ್ಲಿದೆ. ಅಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಅಲ್ಲಿಯ ಹತ್ತು ತಿಂಗಳ ಡಿಪ್ಲೊಮಾ ಪೂರ್ತಿ ಕನ್ನಡದಲ್ಲಿಯೇ ನಡೆಯುತ್ತದೆ. ನಾನು ಅಲ್ಲಿಯ ಹಳೆಯ ವಿದ್ಯಾರ್ಥಿ, ಈಗ ಬೆಳಕಿನ ಕೆಲಸ ಮಾಡುತ್ತೇನೆ. ಮೊದಲು ರಂಗ, ಆಮೇಲೆ ಭಾಷೆ ಎಂಬುದು ನನ್ನ ಖಚಿತ ಅಭಿಪ್ರಾಯ. ಭಾಷೆಯನ್ನು ನಲವತ್ತರಲ್ಲಿಯೂ ಕಲಿಯಬಹುದು, ಆದರೆ ನೆಲದ ಮೇಲೆ ಉರುಳುವುದನ್ನೂ ಉಸಿರು ಹಿಡಿದು ಒಂದಿಡೀ ಪುಟವನ್ನು ಒಪ್ಪಿಸುವುದನ್ನೂ ಇಪ್ಪತ್ತೊಂದರಲ್ಲಿಯೇ ಕಲಿಯಬೇಕು.

ಮೂಲಭಾಷೆ ಬಾರದೆ ರಂಗಕೃತಿ ಆಗುವುದೇ ಇಲ್ಲವೆಂದು ಹೇಳುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಪೂರ್ವ ಜರ್ಮನಿಯ ವೈಮಾರ್‌ನ ನಿರ್ದೇಶಕ ಫ್ರಿಟ್ಸ್ ಬೆನ್ನೆವಿಟ್ಸ್ 1970ರಿಂದ ಮೊದಲುಗೊಂಡು ಹಲವು ಬಾರಿ ಭಾರತಕ್ಕೆ ಬಂದು, ಇಲ್ಲಿಯ ಬೇರೆ ಬೇರೆ ಭಾಷೆಗಳಲ್ಲಿ ನಾಟಕ ಮಾಡಿಸಿದರು. ಆ ಭಾಷೆಗಳಲ್ಲಿ ಅವರು ಪಂಡಿತರಾಗಿರಲಿಲ್ಲ. ನಟನ ಮೈ ಸುಳ್ಳು ಹೇಳಿದರೆ ಯಾವ ಭಾಷೆಯಲ್ಲಿದ್ದರೂ ನಿರ್ದೇಶಕನಿಗೆ ಗೊತ್ತಾಗುತ್ತದೆ.

ಒತ್ತಕ್ಷರ:

ಸೈಡ್‌ವಿಂಗ್ ಅವರ ಉದಾಹರಣೆ ಸರಿಯಾಗಿದೆ, ಆದರೆ ಅದು ಅವರ ವಾದಕ್ಕೇ ತಿರುಗಿ ಬೀಳುತ್ತದೆ. ಬೆನ್ನೆವಿಟ್ಸ್ ಅವರ ಪಕ್ಕದಲ್ಲಿ ಎರಡೂ ಭಾಷೆಯನ್ನು ಬಲ್ಲ ಒಬ್ಬರು ಸದಾ ಕುಳಿತಿರಬೇಕಾಗುತ್ತಿತ್ತು. ಈ ವಿದ್ಯಾರ್ಥಿನಿ ನಿರ್ದೇಶಕಿಯ ಕುರ್ಚಿಯನ್ನು ಕೇಳುತ್ತಿಲ್ಲ. ಆ ಪಕ್ಕದ ಕುರ್ಚಿಯನ್ನು ಕೇಳುತ್ತಿದ್ದಾರೆ. ಕನ್ನಡದಲ್ಲಿ ಇಂದು ಖಾಲಿ ಇರುವುದು ಅದೇ.

ನಾನು ಪದವಿ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಜರ್ಮನ್ ಪಾಠ ಮಾಡಿ ನಿವೃತ್ತಳಾದವಳು. ಮೊದಲಿಗೆ ಒಂದು ತೊಡಕನ್ನು ಹೇಳಿಬಿಡುತ್ತೇನೆ. ಎ2 ಹಂತದ ಜರ್ಮನ್ನೊಂದಿಗೆ, ಕನ್ನಡ ಐಚ್ಛಿಕ ಬಿ.ಎ.ಯ ಬಲದ ಮೇಲೆ, ನಿಮಗೆ ಜರ್ಮನ್ ಎಂ.ಎ.ಗೆ ನೇರ ಪ್ರವೇಶ ಸಿಗುವುದು ಕಷ್ಟ. ಎಂ.ಎ. ತರಗತಿ ಭಾಷೆಯನ್ನು ಕಲಿಸುವ ತರಗತಿಯಲ್ಲ. ಭಾಷೆ ಬರುತ್ತದೆಂದು ನಂಬಿಕೊಂಡು ಸಾಹಿತ್ಯ, ಭಾಷಾವಿಜ್ಞಾನ ಮತ್ತು ಅನುವಾದವನ್ನು ಹೇಳಿಕೊಡುವ ತರಗತಿ. ದೆಹಲಿಯ ಜೆಎನ್‌ಯು ಆಗಲಿ, ಹೈದರಾಬಾದಿನ ಇಎಫ್‌ಎಲ್‌ಯು ಆಗಲಿ (1958ರಲ್ಲಿ ಇಂಗ್ಲಿಷ್ ಬೋಧನೆಯ ಸಂಸ್ಥೆಯಾಗಿ ಆರಂಭವಾಗಿ, ಮುಂದೆ ವಿದೇಶಿ ಭಾಷೆಗಳನ್ನು ಸೇರಿಸಿಕೊಂಡು, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾದದ್ದು ಇದೇ), ಜರ್ಮನ್ ಅಕ್ಷರವನ್ನೇ ಕಾಣದವರಿಗಾಗಿ ಬಿ.ಎ. ಇಟ್ಟುಕೊಂಡಿವೆ. ನೀವು ಮತ್ತೆ ಮೊದಲ ವರ್ಷದ ಬಿ.ಎ.ಗೆ ಸೇರಲು ಮನಸ್ಸು ಮಾಡದಿದ್ದರೆ ಉಳಿಯುವ ದಾರಿ ಡಿಪ್ಲೊಮಾಗಳದು. ಬಿ2 ಮುಟ್ಟುವವರೆಗೆ ಎಂ.ಎ. ಅರ್ಜಿಯನ್ನು ಮರೆತುಬಿಡಿ. ವಾರಕ್ಕೆ ಹತ್ತು ಹನ್ನೆರಡು ಗಂಟೆ ಬಿಡದೆ ಓದಿದರೆ ನನ್ನ ವಿದ್ಯಾರ್ಥಿಗಳಿಗೆ ಎ2ದಿಂದ ಬಿ2ಕ್ಕೆ ಬರಲು ಒಂದೂವರೆ ವರ್ಷ ಹಿಡಿಯುತ್ತಿತ್ತು.

ಇನ್ನು ‘ಜೀ’ ಮತ್ತು ‘ಡು’ ವಿಚಾರ. ನೀವು ಕಂಡುಕೊಂಡದ್ದು ಸಣ್ಣ ಸಂಗತಿಯಲ್ಲ. ಜರ್ಮನ್ ನಾಟಕಗಳಲ್ಲಿ ಎಷ್ಟೋ ದೃಶ್ಯಗಳ ಕೀಲು ಇರುವುದು ಈ ಒಂದು ಸರ್ವನಾಮದಲ್ಲಿ. ಇಬ್ಬರು ಹೊಸಬರು ‘ಡು’ ಎಂದುಕೊಳ್ಳಲು ಒಪ್ಪಂದ ಮಾಡಿಕೊಳ್ಳುವುದು ಅಲ್ಲಿ ಒಂದು ಘಟನೆ. ಕೋಪದಲ್ಲಿ ಅದು ಜಾರಿ ಬಿದ್ದರೆ ಇನ್ನೊಂದು ಘಟನೆ. ಪ್ರೀತಿಸಿದವರು ಮತ್ತೆ ‘ಜೀ’ಗೆ ಮರಳಿದರೆ ಅದು ಬಾಗಿಲು ಮುಚ್ಚಿದಂತೆ. ಕನ್ನಡದಲ್ಲಿ ಇದಕ್ಕೆಲ್ಲ ಸರಿಸಮನಾದ ಸಾಮಗ್ರಿ ಇದೆ, ಅದಕ್ಕಿಂತ ಒಂದು ಮೆಟ್ಟಿಲು ಹೆಚ್ಚೇ ಇದೆ: ‘ತಾವು’ ಎಂದು ಹೇಳಿ ಚುಚ್ಚುವ ಕಲೆ ಜರ್ಮನ್ನರಿಗೆ ಗೊತ್ತಿಲ್ಲ.

ನಮ್ಮ ವಿಭಾಗಗಳ ಬಗ್ಗೆಯೂ ಒಂದು ಮಾತನ್ನು ಹೇಳಲೇಬೇಕು. ನಾನು ಎಂ.ಎ. ಓದಿದ ಕಡೆ ಮೌಖಿಕ ಪರೀಕ್ಷೆಯೆಂದರೆ ಹದಿನೈದು ನಿಮಿಷದ ಔಪಚಾರಿಕತೆ. ನಾಟಕವನ್ನು ಒಂದು ಸೆಮಿಸ್ಟರ್ ಪೂರ್ತಿ ಓದಿದೆವು. ಒಂದೇ ಒಂದು ಸಾಲನ್ನು ಎದ್ದು ನಿಂತು ಯಾರೂ ಗಟ್ಟಿಯಾಗಿ ಓದಲಿಲ್ಲ. ‘ಪಾತ್ರಚಿತ್ರಣವನ್ನು ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆದು ಪ್ರಥಮ ದರ್ಜೆ ಪಡೆದೆ. ನನ್ನ ಜರ್ಮನ್ನಿನಲ್ಲಿ ಅಂದು ಕೈ ಇತ್ತು, ಬಾಯಿ ಇರಲಿಲ್ಲ. ಪಾಠ ಮಾಡಲು ತೊಡಗಿದ ಮೇಲೆ ನಾನು ಮಾಡಿದ ಒಂದೇ ಬದಲಾವಣೆಯೆಂದರೆ ಬೆಂಚುಗಳನ್ನು ಗೋಡೆಗೆ ಸರಿಸಿದ್ದು.

ಲೆಕ್ಕದ ಪುಸ್ತಕ:

ಮೇಡಂ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ತೋಟದ ಯಜಮಾನರ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ನಾನು ಬಿ.ಕಾಂ. ಜೊತೆಗೆ ಸಂಜೆ ತರಗತಿಯಲ್ಲಿ ಜರ್ಮನ್ ಬಿ2 ಮುಗಿಸಿ, ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಜರ್ಮನಿಯ ಗ್ರಾಹಕರ ಬಿಲ್ಲುಗಳು, ದೂರುಗಳು, ಪತ್ರವ್ಯವಹಾರ ನನ್ನ ಕೆಲಸ. ಅದೇ ಕೆಲಸವನ್ನು ಇಂಗ್ಲಿಷಿನಲ್ಲಿ ಮಾಡುವವರಿಗಿಂತ ನಮ್ಮ ಸಂಬಳ ಗಮನಾರ್ಹವಾಗಿ ಹೆಚ್ಚು. ಶನಿವಾರ ಮತ್ತು ಭಾನುವಾರ ಹವ್ಯಾಸಿ ತಂಡದಲ್ಲಿ ನಾಟಕ. ನನ್ನ ತಂಡದ ಪೂರ್ಣಾವಧಿ ರಂಗಕರ್ಮಿಗಳಲ್ಲಿ ಮೂವರು ಶಾಲೆಗಳಲ್ಲಿ ಶಿಬಿರ ನಡೆಸಿ ಬದುಕುತ್ತಾರೆ, ಒಬ್ಬರು ಧಾರಾವಾಹಿಗೆ ಹೋದರು. ಯಾರಿಗೂ ಬೇಸರವಿಲ್ಲ, ಆದರೆ ಯಾರೂ ಮನೆ ಕಟ್ಟಿಲ್ಲ.

ಆದ್ದರಿಂದ ಭಾಷೆಯನ್ನು ಅನ್ನಕ್ಕೂ ನಾಟಕವನ್ನು ರಜೆಗೂ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಸಲಹೆ. ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ದಿನಕ್ಕೆ ಎಂಟು ಗಂಟೆ ‘ತಮ್ಮ ಪತ್ರ ತಲುಪಿದೆ, ತೊಂದರೆಗೆ ವಿಷಾದಿಸುತ್ತೇವೆ’ ಎಂದು ಬರೆದ ಮೇಲೆ ಸಂಜೆ ಆ ಭಾಷೆಯ ಕವಿತೆಯನ್ನು ತೆರೆಯಲು ಮನಸ್ಸಾಗುವುದಿಲ್ಲ. ನನಗಂತೂ ನಾಲ್ಕು ವರ್ಷದಿಂದ ಆಗಿಲ್ಲ.

ಹಿನ್ನೀರ ಹುಡುಗಿ:

ಎಲ್ಲರಿಗೂ ಧನ್ಯವಾದಗಳು. ಒತ್ತಕ್ಷರ ಮೇಡಂ, ಎಂ.ಎ. ಪ್ರವೇಶದ ತೊಡಕು ನನಗೆ ತಿಳಿದಿರಲಿಲ್ಲ, ಪದವಿಯೊಂದಿದ್ದರೆ ಸಾಕೆಂದುಕೊಂಡಿದ್ದೆ. ಲೆಕ್ಕದ ಪುಸ್ತಕ ಅವರ ಕೊನೆಯ ಸಾಲು ನನ್ನನ್ನು ಹೆದರಿಸಿತು. ಭಾಷೆ ಮತ್ತು ರಂಗ ಎರಡೂ ಒಂದೇ ಊರಿನಲ್ಲಿ, ಒಂದನ್ನು ಬಿಡದೆ ಇನ್ನೊಂದನ್ನು ಓದುವಂತಹ ವಿಶ್ವವಿದ್ಯಾಲಯ ನಮ್ಮ ದೇಶದಲ್ಲಿ ಇದೆಯೇ?

ಎಫ್‌.ಸಿ. ರಸ್ತೆ:

ಪುಣೆಗೆ ಬನ್ನಿ. ನಾನು ಬೆಳಗಾವಿಯವನು, ಇಲ್ಲಿ ಆರು ವರ್ಷ ಇದ್ದೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗ ಫರ್ಗ್ಯುಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿದೆ. ಜರ್ಮನ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್, ಜಪಾನಿ ಭಾಷೆಗಳನ್ನು ಅಲ್ಲಿ ಸರ್ಟಿಫಿಕೇಟಿನಿಂದ ಮೇಲಕ್ಕೆ ಹಂತಹಂತವಾಗಿ ಕಲಿಯಬಹುದು. ಅದೇ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರ 1987ರಲ್ಲಿ ಆರಂಭವಾದದ್ದು. ಸಂಗೀತ, ನೃತ್ಯ, ನಾಟಕ ಮೂರನ್ನೂ ಗುರುಕುಲದ ಮಾದರಿಯಲ್ಲಿ ಕಲಿಸುತ್ತಾರೆ. ಎರಡರ ನಡುವೆ ನಾಲ್ಕೈದು ಕಿಲೋಮೀಟರ್ ದೂರ. ಏಪ್ರಿಲ್ 2022ರಲ್ಲಿ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಲು ಅನುಮತಿ ಕೊಟ್ಟಿದೆ. ಎರಡೂ ನೇರ ತರಗತಿಯವಾದರೆ ವೇಳಾಪಟ್ಟಿ ಒಂದರ ಮೇಲೊಂದು ಬೀಳಬಾರದು ಎಂಬುದಷ್ಟೇ ಅದರ ಷರತ್ತು. ಆದರೆ ಆಯಾ ವಿಭಾಗ ಅದನ್ನು ಒಪ್ಪಬೇಕು.

ಇನ್ನೂ ಕೆಲವು ಜೋಡಿಗಳಿವೆ. ಜೆಎನ್‌ಯುವಿನಲ್ಲಿ ಜರ್ಮನ್ ಕೇಂದ್ರವೂ ಇದೆ, ರಂಗಾಧ್ಯಯನವನ್ನು ಹೇಳಿಕೊಡುವ ಕಲಾ ಮತ್ತು ಸೌಂದರ್ಯಶಾಸ್ತ್ರ ವಿಭಾಗವೂ ಇದೆ. ಹೈದರಾಬಾದಿನಲ್ಲಿ ಇಎಫ್‌ಎಲ್‌ಯು ಒಂದು ಕಡೆ, ಹೈದರಾಬಾದ್ ವಿಶ್ವವಿದ್ಯಾಲಯದ ರಂಗಕಲೆಗಳ ವಿಭಾಗ ಇನ್ನೊಂದು ಕಡೆ. ನಿಮ್ಮ ಭಾಷೆ ಫ್ರೆಂಚ್ ಆಗಿದ್ದಿದ್ದರೆ ಪುದುಚೇರಿ ವಿಶ್ವವಿದ್ಯಾಲಯವನ್ನು ಹೇಳುತ್ತಿದ್ದೆ. ಅಲ್ಲಿ ಫ್ರೆಂಚ್ ವಿಭಾಗ ಮತ್ತು ಪ್ರದರ್ಶನ ಕಲೆಗಳ ವಿಭಾಗ ಒಂದೇ ಆವರಣದಲ್ಲಿವೆ. ಮೈಸೂರಿನಲ್ಲಿ ನಮ್ಮದೇ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ.

ಆದರೆ ಪುಣೆಯಲ್ಲಿ ನಾಟಕ ಮರಾಠಿಯಲ್ಲಿ. ನನಗೆ ಬೆಳಗಾವಿಯ ಮರಾಠಿ ಬಾಯಲ್ಲಿ ಇದ್ದುದರಿಂದ ಹೇಗೋ ನಡೆಯಿತು, ಆದರೂ ಮೊದಲ ವರ್ಷ ನನ್ನ ‘ಳ’ಕಾರವನ್ನು ಕೇಳಿ ನಗದವರಿಲ್ಲ. ನಿಮಗೆ ಅದು ಮೂರನೆಯ ಭಾಷೆಯಾಗುತ್ತದೆ.

ನೆಕ್ಕಾರ್ ದಂಡೆ:

ಜರ್ಮನಿಯ ಪಾಲನ್ನು ನಾನು ಹೇಳುತ್ತೇನೆ. ಇಲ್ಲಿ ರಂಗಾಧ್ಯಯನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಈಗ ಒಂದು ಸಣ್ಣ ನಗರರಂಗಮಂದಿರದಲ್ಲಿ ಕೆಲಸ ಮಾಡುತ್ತಿದ್ದೇನೆ. ಊರಿನಿಂದ ಕೇಳುವವರು ಎರಡು ಬೇರೆ ಬೇರೆ ವಿದ್ಯೆಗಳನ್ನು ಒಂದೇ ಎಂದು ತಿಳಿದಿರುತ್ತಾರೆ. ನಟನೆ, ನಿರ್ದೇಶನ, ಗಾಯನವನ್ನು ಕಲಿಸುವುದು ‘ಹೋಖ್‌ಶೂಲೆ’ ಎಂಬ ಕಲಾಶಾಲೆಗಳು: ಬರ್ಲಿನ್ನಿನ ಎರ್ನ್‌ಸ್ಟ್ ಬುಷ್, ಎಸ್ಸೆನ್‌ನ ಫೋಕ್‌ವಾಂಗ್ ಮೊದಲಾದವು. ಅಲ್ಲಿಗೆ ಅಂಕಪಟ್ಟಿಯಿಂದ ಪ್ರವೇಶವಿಲ್ಲ. ಬಾಯಿಪಾಠ ಮಾಡಿದ ಏಕಪಾತ್ರದ ಭಾಗಗಳನ್ನು ಜರ್ಮನ್ನಿನಲ್ಲಿ ಅವರ ಮುಂದೆ ಆಡಿ ತೋರಿಸಬೇಕು, ಮತ್ತು ನೂರಾರು ಜನರಲ್ಲಿ ಹತ್ತಿಪ್ಪತ್ತು ಮಂದಿಯನ್ನು ಆರಿಸುತ್ತಾರೆ. ರಂಗವನ್ನು ಶಾಸ್ತ್ರವಾಗಿ ಓದುವುದು ‘ಥಿಯೇಟರ್‌ವಿಸೆನ್‌ಶಾಫ್ಟ್’. ಅದು ಬರ್ಲಿನ್, ಮ್ಯೂನಿಕ್, ಲೈಪ್‌ಜಿಗ್, ಗೀಸೆನ್ ಮುಂತಾದ ವಿಶ್ವವಿದ್ಯಾಲಯಗಳಲ್ಲಿದೆ. ಸಾಹಿತ್ಯ ವಿಭಾಗದ ಬಾಲವಾಗಿದ್ದ ಈ ವಿದ್ಯೆಯನ್ನು ಬಿಡಿಸಿ ನಿಲ್ಲಿಸಿದವರಲ್ಲಿ ಬರ್ಲಿನ್ನಿನ ಮಾಕ್ಸ್ ಹೆರ್ಮಾನ್ ಮುಖ್ಯರು. ನಾಟಕವೆಂದರೆ ಪುಸ್ತಕದಲ್ಲಿರುವುದಲ್ಲ, ನಟರೂ ನೋಡುಗರೂ ಸೇರಿದ ಹೊತ್ತಿನಲ್ಲಿ ಆಗುವುದು ಎಂದು ವಾದಿಸಿದ ಅವರು 1923ರಲ್ಲಿ ಅಲ್ಲಿ ರಂಗಾಧ್ಯಯನ ಸಂಸ್ಥೆ ಸ್ಥಾಪನೆಯಾಗಲು ಕಾರಣರಾದರು. ಯೆಹೂದ್ಯರಾದುದರಿಂದ ನಾಜಿಗಳು ಅವರನ್ನು 1942ರಲ್ಲಿ ಟೆರೇಸಿಯೆನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಿದರು, ಅಲ್ಲಿಯೇ ತೀರಿಕೊಂಡರು. ನಿಮ್ಮ ಹಂಬಲಕ್ಕೆ ಈ ಎರಡನೆಯ ಮಾರ್ಗವೇ ಹತ್ತಿರ. ಆದರೆ ಭಾಷೆ ಸಿ1ರ ಆಸುಪಾಸಿನಲ್ಲಿರಬೇಕು. ಸಾಮಾನ್ಯವಾಗಿ ಡಿಎಸ್‌ಎಚ್ ಪರೀಕ್ಷೆಯಲ್ಲಿ ಎರಡನೆಯ ಶ್ರೇಣಿ, ಇಲ್ಲವೇ ಟೆಸ್ಟ್‌ಡಾಫ್‌ನ ನಾಲ್ಕೂ ಭಾಗಗಳಲ್ಲಿ ನಾಲ್ಕನೆಯ ಮಟ್ಟವನ್ನು ಕೇಳುತ್ತಾರೆ. ಎ2 ಹಿಡಿದುಕೊಂಡು ವಿಮಾನ ಹತ್ತಬೇಡಿ.

ಖರ್ಚಿನ ಬಗ್ಗೆ: ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವಿಲ್ಲ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ನಮ್ಮ ಕಿಟ್ಟೆಲ್ಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟ ಟ್ಯೂಬಿಂಗೆನ್ ಇರುವುದು ಇದೇ ರಾಜ್ಯದಲ್ಲಿ. ಕನ್ನಡಿಗರಿಗೆ ರಿಯಾಯಿತಿ ಏನೂ ಇಲ್ಲ, ವಿಚಾರಿಸಿದ್ದೇನೆ. ನಿಜವಾದ ಗೋಡೆ ಬೋಧನಾ ಶುಲ್ಕವಲ್ಲ, ವೀಸಾ. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳು ತಮ್ಮ ದಾಖಲೆಗಳನ್ನು ಎಪಿಎಸ್ ಎಂಬ ಕಚೇರಿಯಿಂದ ಪರಿಶೀಲನೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ಅದರ ಮೇಲೆ ಒಂದು ವರ್ಷದ ಜೀವನವೆಚ್ಚವನ್ನು ಬ್ಲಾಕ್ಡ್ ಖಾತೆಯಲ್ಲಿ ಮೊದಲೇ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತವನ್ನು 11,904 ಯೂರೋಗೆ ಏರಿಸಿದರು. ತಿಂಗಳಿಗೆ 992 ಯೂರೋ ಮಾತ್ರ ನಿಮ್ಮ ಕೈಗೆ ಬರುತ್ತದೆ. ಅಡಿಕೆಯ ಲೆಕ್ಕದಲ್ಲಿ ಅದು ಎಷ್ಟು ಕ್ವಿಂಟಾಲ್ ಎಂದು ನಿಮ್ಮ ತಂದೆಯವರೇ ಹೇಳಬಲ್ಲರು. ಪ್ರದರ್ಶನ ಕಲೆಗಳ ಪದವೀಧರರಿಗೆಂದೇ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿ ಪ್ರತ್ಯೇಕ ವಿದ್ಯಾರ್ಥಿವೇತನ ಕೊಡುತ್ತದೆ. ಅದಕ್ಕೆ ರಂಗದಲ್ಲಿ ಮಾಡಿದ ಕೆಲಸದ ದಾಖಲೆ ಬೇಕು. ಸೈಡ್‌ವಿಂಗ್ ಅವರ ಮಾತಿಗೆ ಇಲ್ಲಿ ಬೆಲೆ ಬರುತ್ತದೆ.

ಒಂದು ಸಂಗತಿಯನ್ನು ಹತ್ತಿರದಿಂದ ಹೇಳುತ್ತೇನೆ. ಇಲ್ಲಿ ಮೊದಲ ಸೆಮಿಸ್ಟರಿನ ವಾಚಿಕ ಕಾರ್ಯಾಗಾರದಲ್ಲಿ ನನಗೆ ಓದಲು ಕೊಟ್ಟ ಭಾಗದಲ್ಲಿ ‘ಮತ್ತು’ ಎಂಬರ್ಥದ ‘ಉಂಟ್’ ಪದ ಹನ್ನೊಂದು ಸಲ ಬರುತ್ತಿತ್ತು. ಬರೆಯುವುದು ಡಕಾರದಲ್ಲಿ, ನುಡಿಯುವುದು ಟಕಾರದಲ್ಲಿ, ಅದೂ ಕತ್ತರಿಸಿದಂತೆ. ಪದದ ಕೊನೆಯ ವ್ಯಂಜನಕ್ಕೆ ಉಕಾರವನ್ನು ಅಂಟಿಸುವ ನಮ್ಮ ಹುಟ್ಟುಗುಣ ನನ್ನ ಬಾಯಿಂದ ಹನ್ನೊಂದು ಸಲವೂ ‘ಉಂಟು’ ಎನ್ನಿಸಿತು. ಮಂಗಳೂರಿನ ಅಂಗಡಿಯಲ್ಲಿ ನಿಂತ ಹಾಗಿತ್ತು. ಶಿಕ್ಷಕಿ ನನ್ನ ಗಲ್ಲದ ಕೆಳಗೆ ಬೆರಳಿಟ್ಟು, ‘ಟ್’ ಆದ ಮೇಲೆ ದವಡೆ ಕೆಳಗಿಳಿಯದಂತೆ ತಡೆದರು. ಮೂರು ವಾರ ಹಿಡಿಯಿತು. ಯಾವ ವ್ಯಾಕರಣ ಪುಸ್ತಕವೂ ನನಗೆ ಅದನ್ನು ಹೇಳಿರಲಿಲ್ಲ.

ಹಿರಾಗಾನ:

ನಾನು ಜಪಾನಿ ಭಾಷೆಯ ವಿದ್ಯಾರ್ಥಿನಿ, ಭರತನಾಟ್ಯ ಕಲಿತವಳು. ನೆಕ್ಕಾರ್ ದಂಡೆ ಅವರ ಮಾತಿಗೆ ಒಂದು ಪೂರಕ: ಎಲ್ಲ ಭಾಷೆಗಳೂ ಕನ್ನಡದ ಬಾಯಿಗೆ ಹೀಗೆ ಎದುರು ನಿಲ್ಲುವುದಿಲ್ಲ. ಜಪಾನಿಯಲ್ಲಿ ‘ಒಬಸಾನ್’ ಎಂದರೆ ಚಿಕ್ಕಮ್ಮ ಅಥವಾ ಅತ್ತೆ, ‘ಒಬಾಸಾನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಾ, ‘ಕಿತ್ತೆ’ ಎಂದರೆ ಅಂಚೆಚೀಟಿ. ಹ್ರಸ್ವ, ದೀರ್ಘ, ಒತ್ತಕ್ಷರಗಳನ್ನು ಒಂದನೆಯ ತರಗತಿಯಲ್ಲಿ ಮಗ್ಗಿಯಂತೆ ಒಪ್ಪಿಸಿದ ನಮಗೆ ಇದು ಕಷ್ಟವಲ್ಲ; ನನ್ನ ತರಗತಿಯ ಉತ್ತರ ಭಾರತದ ಗೆಳತಿಯರು ತಿಂಗಳುಗಟ್ಟಲೆ ಅತ್ತೆಯನ್ನು ಅಜ್ಜಿ ಮಾಡುತ್ತಿದ್ದರು. ‘ನಾನು ನೋಡಿದ ನಾಟಕ’ ಎಂಬ ಪದಕ್ರಮವೂ ಅಲ್ಲಿ ಹಾಗೆಯೇ ಇದೆ.

ಪರೀಕ್ಷೆಗಳ ಬಗ್ಗೆ ಎಚ್ಚರವಿರಲಿ. ಜಪಾನಿಯ ಜೆಎಲ್‌ಪಿಟಿ ಪರೀಕ್ಷೆಯ ಐದೂ ಹಂತಗಳಲ್ಲಿ ಮಾತನಾಡುವ ಭಾಗವೇ ಇಲ್ಲ. ಎಲ್ಲವೂ ಗುರುತು ಹಾಕುವ ಉತ್ತರಗಳು. ನಾನು ಎನ್2 (ಮೇಲಿನಿಂದ ಎರಡನೆಯ ಹಂತ) ಪಾಸಾದ ದಿನ ಜಪಾನಿ ಅತಿಥಿಯೊಬ್ಬರ ಎದುರು ಎರಡು ವಾಕ್ಯ ಆಡಲಾರದೆ ನಿಂತೆ. ರಂಗಕ್ಕೆ ಭಾಷೆ ಕಲಿಯುವವರು ಪ್ರಮಾಣಪತ್ರವನ್ನು ನೋಡಿ ಸಮಾಧಾನಪಡಬಾರದು.

ಸೈಡ್‌ವಿಂಗ್:

ಒಂದು ಸಂದೇಹ. ಮೇಲೆ ಹೇಳಿದಂತೆ ಜರ್ಮನ್ನಿನಿಂದ ನೇರವಾಗಿ ತಂದರೆ ಸರ್ವನಾಮ ಉಳಿಯಿತು, ಒಪ್ಪಿದೆ. ಅದೊಂದೇ ಆದರೆ ಇಂಗ್ಲಿಷ್ ಅನುವಾದವನ್ನು ಇಟ್ಟುಕೊಂಡು, ಸರ್ವನಾಮ ಬದಲಾಗುವ ಜಾಗಗಳನ್ನು ಜರ್ಮನ್ ಬಲ್ಲವರಿಂದ ಗುರುತು ಹಾಕಿಸಿಕೊಂಡರೆ ಸಾಲದೇ? ಅದಕ್ಕಾಗಿ ಐದು ವರ್ಷದ ಓದು ಏಕೆ?

ಒತ್ತಕ್ಷರ:

ಒಳ್ಳೆಯ ಪ್ರಶ್ನೆ. ಜರ್ಮನ್ನಿನಲ್ಲಿ ಕೆಲವು ಕ್ರಿಯಾಪದಗಳು ಒಡೆದು, ಅವುಗಳ ಬಾಲ ವಾಕ್ಯದ ತುದಿಗೆ ಹೋಗುತ್ತದೆ. ‘ಇಶ್ ಮಾಖೆ ದಾಸ್ ಲಿಶ್ಟ್…’ ಎಂದು ನಟಿ ನಿಲ್ಲಿಸಿದರೆ, ಅವಳು ದೀಪವನ್ನು ಹಚ್ಚುತ್ತಾಳೋ ಆರಿಸುತ್ತಾಳೋ ಇನ್ನೂ ಗೊತ್ತಿಲ್ಲ. ‘ಆನ್’ ಎಂದರೆ ಹಚ್ಚಿದಳು, ‘ಔಸ್’ ಎಂದರೆ ಆರಿಸಿದಳು. ಕನ್ನಡದಲ್ಲಿಯೂ ‘ನಾನು ದೀಪವನ್ನು…’ ಎಂದು ನಿಂತರೆ ಅದೇ ಕುತೂಹಲ ಸಿಗುತ್ತದೆ. ಇಂಗ್ಲಿಷಿನ ಮೂಲಕ ಬಂದರೂ ಕನ್ನಡದ ಕ್ರಿಯಾಪದ ಕೊನೆಗೇ ಬರುತ್ತದಲ್ಲ ಎಂದು ನೀವು ಕೇಳಬಹುದು. ಇಂತಹ ಚಿಕ್ಕ ವಾಕ್ಯದಲ್ಲಿ ಬರುತ್ತದೆ. ಆದರೆ ನಾಲ್ಕು ಸಾಲಿನ ವಾಕ್ಯವನ್ನು ಇಂಗ್ಲಿಷ್ ಅನುವಾದಕ ಮೂರು ತುಂಡು ಮಾಡಿ, ಕೊನೆಯಲ್ಲಿ ಬರಬೇಕಾದ ಸುದ್ದಿಯನ್ನು ಮೊದಲ ತುಂಡಿನಲ್ಲಿಯೇ ಹೇಳಿಬಿಟ್ಟಿರುತ್ತಾನೆ. ಆ ತುಂಡುಗಳನ್ನೇ ನಾವು ಕನ್ನಡ ಮಾಡುತ್ತೇವೆ. ಗುರುತು ಹಾಕಿಸಿಕೊಳ್ಳಬೇಕಾದ ಜಾಗಗಳು ಎಲ್ಲಿವೆ ಎಂದು ತಿಳಿಯುವುದಕ್ಕೇ ಭಾಷೆ ಬರಬೇಕು.

ಮದ್ದಳೆ ಕಿವಿ:

ಎಲ್ಲರೂ ಇಲ್ಲಿಂದ ಅಲ್ಲಿಗೆ ಹೋಗುವ ಮಾತನ್ನು ಆಡುತ್ತಿದ್ದೀರಿ. ಅಲ್ಲಿಂದ ಇಲ್ಲಿಗೆ ಬಂದವರನ್ನು ನೋಡಿದರೂ ಉತ್ತರ ಸಿಗುತ್ತದೆ. 1970ರ ಆಸುಪಾಸಿನಲ್ಲಿ ಅಮೆರಿಕದಿಂದ ಉಡುಪಿಗೆ ಬಂದ ಮಾರ್ಥಾ ಆಷ್ಟನ್ ಮದ್ದಳೆಗಾರ ಹಿರಿಯಡ್ಕ ಗೋಪಾಲರಾಯರ ಬಳಿ ಯಕ್ಷಗಾನವನ್ನು ಕಲಿತು, ಅದನ್ನೇ ವಿಶ್ವವಿದ್ಯಾಲಯದ ಸಂಶೋಧನೆಯ ವಿಷಯ ಮಾಡಿಕೊಂಡರು. ಜರ್ಮನಿಯ ಹೈಡ್ರೂನ್ ಬ್ರೂಕ್ನರ್ ತುಳು ಪಾಡ್ದನಗಳ (ಕಥನಗೀತೆಗಳ) ಮೇಲೆ ಕೆಲಸ ಮಾಡಿದರು. ಅವರಿದ್ದ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ನಮ್ಮ ಜಾನಪದ ವಿದ್ವಾಂಸ ವಿವೇಕ ರೈ ಅವರು ಅತಿಥಿ ಪ್ರಾಧ್ಯಾಪಕರಾಗಿ ಹೋಗಿದ್ದರು. ಇವರಾರೂ ಭಾಷೆಯನ್ನು ಮುಗಿಸಿ ಕಲೆಗೆ ಬಂದವರಲ್ಲ, ಕಲೆಯನ್ನು ಮುಗಿಸಿ ಭಾಷೆಗೆ ಬಂದವರೂ ಅಲ್ಲ. ಹೆಜ್ಜೆಯನ್ನೂ ಪದವನ್ನೂ ಚೌಕಿಯಲ್ಲಿ (ಯಕ್ಷಗಾನದ ಬಣ್ಣದ ಮನೆಯಲ್ಲಿ) ಒಟ್ಟಿಗೆ ಕಲಿಯುವುದು ನಮ್ಮಲ್ಲಿ ಹಳೆಯ ಕ್ರಮ. ಮಲ್ಲಿಕಾ ಸಾರಾಭಾಯಿ ಅವರು 1985ರಲ್ಲಿ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ನಿರ್ದೇಶಕ ಪೀಟರ್ ಬ್ರೂಕ್ ಅವರ ಮಹಾಭಾರತದ ದ್ರೌಪದಿಯಾಗಿ ಫ್ರೆಂಚಿನಲ್ಲಿಯೇ ನಟಿಸಿದ್ದು ನೆನಪಿರಲಿ. ಆ ನಾಟಕ ಇಂಗ್ಲಿಷಿಗೆ ಬಂದದ್ದು ಆಮೇಲೆ. ನೃತ್ಯಗಾತಿಯೊಬ್ಬರಿಗೆ ಆ ಫ್ರೆಂಚ್ ತಾಲೀಮಿನ ಕೋಣೆಯಲ್ಲಿ ಅಲ್ಲದೆ ಇನ್ನೆಲ್ಲಿ ಗಟ್ಟಿಯಾಗಬೇಕು?

ಮಗಳೇ, ನಿನಗೆ ಖರ್ಚಿಲ್ಲದ ಒಂದು ಸಲಹೆ. ನಿಮ್ಮ ಕಡೆ ತಾಳಮದ್ದಳೆಗೆ (ವೇಷವಿಲ್ಲದೆ ಕುಳಿತು ಮಾತಿನಲ್ಲಿ ನಡೆಸುವ ಯಕ್ಷಗಾನಕ್ಕೆ) ಬರವಿಲ್ಲ. ಒಂದು ಮಳೆಗಾಲ ಕುಳಿತು ಅರ್ಥಗಾರಿಕೆಯನ್ನು ಕೇಳು. ಎದುರಾಳಿಯನ್ನು ‘ತಾವು’ ಎಂದು ಎತ್ತಿ, ‘ನೀನು’ ಎಂದು ಇಳಿಸಿ, ಮತ್ತೆ ‘ತಾವು’ ಎಂದು ಕೊಲ್ಲುವುದನ್ನು ನಮ್ಮ ಅರ್ಥಧಾರಿಗಳಿಗಿಂತ ಚೆನ್ನಾಗಿ ಯಾವ ವಿಶ್ವವಿದ್ಯಾಲಯವೂ ಹೇಳಿಕೊಡಲಾರದು. ಜರ್ಮನ್ ನಾಟಕದ ಕನ್ನಡ ನಿನಗೆ ಅಲ್ಲಿ ಸಿಗುತ್ತದೆ.

ಹಿನ್ನೀರ ಹುಡುಗಿ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ; ಪರೀಕ್ಷೆಗಳಿದ್ದವು. ಈ ವರ್ಷ ಹೆಗ್ಗೋಡಿಗೆ ಅರ್ಜಿ ಹಾಕಲು ನಿರ್ಧರಿಸಿದ್ದೇನೆ. ಆಯ್ಕೆಯಾದರೆ ಹತ್ತು ತಿಂಗಳು ಅಲ್ಲಿ. ಬೆಳಗಿನಿಂದ ರಾತ್ರಿಯವರೆಗೆ ಬಿಡುವಿರುವುದಿಲ್ಲವೆಂದು ಹಳೆಯ ವಿದ್ಯಾರ್ಥಿಗಳು ಹೇಳಿದ್ದರಿಂದ, ಬಿ1 ತರಗತಿಯನ್ನು ಮುಂದಕ್ಕೆ ಹಾಕಿ, ದಿನಕ್ಕೆ ಒಂದು ಪುಟ ಜರ್ಮನ್ನನ್ನು ಗಟ್ಟಿಯಾಗಿ ಓದುವುದನ್ನು ಮಾತ್ರ ಇಟ್ಟುಕೊಳ್ಳುತ್ತೇನೆ. ಅದಾದ ಮೇಲೆ ಪುಣೆಯಲ್ಲಿ ಡಿಪ್ಲೊಮಾಗಳು, ನಂತರ ಅಲ್ಲಿಯೇ ಎಂ.ಎ. ಜರ್ಮನಿಯನ್ನು ಬಿಟ್ಟಿಲ್ಲ, ಐದು ವರ್ಷ ದೂರ ಇಟ್ಟಿದ್ದೇನೆ. ಲೆಕ್ಕದ ಪುಸ್ತಕ ಅವರ ಸಂಬಳದ ಮಾತನ್ನು ಅಪ್ಪನಿಗೆ ಓದಿ ಹೇಳಿದೆ, ಕೊನೆಯ ಸಾಲನ್ನು ಓದಲಿಲ್ಲ.

ಆ ದೃಶ್ಯವನ್ನು ನಾನೇ ಜರ್ಮನ್ನಿನಿಂದ ಮತ್ತೆ ಬರೆದೆ. ಎರಡು ಪುಟಕ್ಕೆ ಹದಿನಾಲ್ಕು ದಿನ ಹಿಡಿಯಿತು, ಇನ್ನೂ ಎರಡು ವಾಕ್ಯ ಸರಿಯಾಗಿಲ್ಲ. ಕಳೆದ ಭಾನುವಾರ ಶಾಲೆಯ ಜಗಲಿಯಲ್ಲಿ ತಂಡದವರು ಓದಿ ನೋಡಿದರು. ಯಜಮಾನನ ಪಾತ್ರದವರಿಗೆ ಎಲ್ಲಿ ಬದಲಾಗುತ್ತದೆಂದು ನಾನು ಹೇಳಿರಲಿಲ್ಲ. ಏಳನೆಯ ಮಾತಿಗೆ ನಾನು ‘ನೀನು’ ಎಂದಾಗ, ಅವರು ಕಾಗದದಿಂದ ತಲೆಯೆತ್ತಿ ನನ್ನನ್ನು ನೋಡಿದರು, ಮುಂದಿನ ಸಾಲನ್ನು ಓದುವುದನ್ನು ಮರೆತರು. ನಿರ್ದೇಶಕರು ಆ ಮೌನವನ್ನು ಹಾಗೆಯೇ ಉಳಿಸಿಕೊಳ್ಳೋಣವೆಂದರು.

ನೆಕ್ಕಾರ್ ದಂಡೆ:

ಒಳ್ಳೆಯ ಸುದ್ದಿ. ಐದು ವರ್ಷದ ಮಾತಾದರೂ ಒಂದು ಕೆಲಸವನ್ನು ಈಗಲೇ ನೆನಪಿಡಿ: ಅಂಕಪಟ್ಟಿಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ. ಪ್ಲಾಸ್ಟಿಕ್ಕಿನ ಮೇಲೆ ದೃಢೀಕರಣದ ಮುದ್ರೆ ಒತ್ತಲಾಗುವುದಿಲ್ಲವೆಂದು ನನ್ನ ಪಿಯುಸಿ ಅಂಕಪಟ್ಟಿಯನ್ನು ಒಂದು ಕಚೇರಿಯಲ್ಲಿ ಎರಡು ಸಲ ಹಿಂದಿರುಗಿಸಿದ್ದರು.

ಹಿನ್ನೀರ ಹುಡುಗಿ:

ಅಯ್ಯೋ. ಅಪ್ಪ ಹತ್ತನೆಯ ತರಗತಿಯದನ್ನೂ ಪಿಯುಸಿಯದನ್ನೂ ಫಲಿತಾಂಶ ಬಂದ ವಾರವೇ ಸಾಗರದ ಪೇಟೆಯಲ್ಲಿ ಲ್ಯಾಮಿನೇಟ್ ಮಾಡಿಸಿ, ಅಕ್ಕಿ ಡಬ್ಬದ ಮೇಲಿನ ಟ್ರಂಕಿನಲ್ಲಿ ಇಟ್ಟಿದ್ದಾರೆ. ಮಂಡಳಿಯಿಂದ ಎರಡನೆಯ ಪ್ರತಿ ಪಡೆದವರು ಯಾರಾದರೂ ಇದ್ದರೆ ದಯವಿಟ್ಟು ಕ್ರಮವನ್ನು ತಿಳಿಸಿ.